ಕೊಟ್ಟಿಗೆಯ ಸುತ್ತ ಈಡಿಸ್ ಸೊಳ್ಳೆ: ಗುರುತಿಸಿ, ಲೆಕ್ಕವಿಡಿ, ತಡೆಯಿರಿ



ಮಳೆಗಾಲದ ಸಂಚಿಕೆ ಎಂದರೆ ಗಳಲೆ ರೋಗದ ಲಸಿಕೆ, ಜಂತುನಾಶಕ, ಕೆಚ್ಚಲು ಬಾವು ಇವುಗಳ ಮಾತು ಇದ್ದೇ ಇರುತ್ತದೆ. ಈ ಸಲ ಸೊಳ್ಳೆಯ ಬಗ್ಗೆ ಬರೆಯುತ್ತಿದ್ದೇನೆ. ಡೆಂಗಿ, ಚಿಕೂನ್‌ಗುನ್ಯಾ ಮನುಷ್ಯರ ಕಾಯಿಲೆಗಳು, ಪಶುವೈದ್ಯರಿಗೇಕೆ ಇದರ ಉಸಾಬರಿ ಎಂದು ನೀವು ಕೇಳಬಹುದು. ಕಾರಣ ಇಷ್ಟೆ: ಹಾಲು ಕರೆಯುವುದು ಮನುಷ್ಯರ ಕೈ. ಚಿಕೂನ್‌ಗುನ್ಯಾ ಹಿಡಿಯುವುದು ಆ ಕೈಯ ಗೆಣ್ಣುಗಳನ್ನೇ. ಜ್ವರ ವಾರದೊಳಗೆ ಇಳಿದರೂ ಬೆರಳು, ಮಣಿಕಟ್ಟು, ಮಂಡಿಗಳ ನೋವು ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮನೆಯಲ್ಲಿ ಕರೆಯುವವರು ಒಬ್ಬರೇ ಇದ್ದು ಅವರು ಮಲಗಿದರೆ ಹಸು ಸರಿಯಾದ ಹೊತ್ತಿಗೆ, ಪೂರ್ತಿಯಾಗಿ ಹಾಲು ಬಿಡುವುದಿಲ್ಲ. ಕೆಚ್ಚಲಲ್ಲಿ ಹಾಲು ಉಳಿದರೆ ಇಳುವರಿ ಇಳಿಯುತ್ತದೆ, ಕೆಚ್ಚಲು ಬಾವಿಗೂ ದಾರಿಯಾಗುತ್ತದೆ.

2006ರ ಚಿಕೂನ್‌ಗುನ್ಯಾ ಹಾವಳಿ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಆ ವರ್ಷ ದೇಶದಲ್ಲಿ ವರದಿಯಾದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ಕರ್ನಾಟಕದವು. ಈ ರೋಗ ಹರಡುವ ಸೊಳ್ಳೆ ಎಲ್ಲಿಂದಲೋ ಹಾರಿ ಬರುವುದಲ್ಲ. ಹೆಚ್ಚಾಗಿ ಅದು ನಮ್ಮ ಮನೆ, ಕೊಟ್ಟಿಗೆಯ ನೀರಿನಲ್ಲೇ ಹುಟ್ಟುತ್ತದೆ.

ಹೊರಗಿನಿಂದ ಬಂದು ನೆಲೆ ನಿಂತ ಸೊಳ್ಳೆ

ಡೆಂಗಿ, ಚಿಕೂನ್‌ಗುನ್ಯಾ ಎರಡನ್ನೂ ಹರಡುವ ಮುಖ್ಯ ಸೊಳ್ಳೆ ಈಡಿಸ್ ಈಜಿಪ್ಟಿ. ಇದರ ಮೂಲ ಆಫ್ರಿಕಾ. ಹಿಂದಿನ ಕಾಲದ ಹಡಗುಗಳಲ್ಲಿ ಕುಡಿಯುವ ನೀರು ತುಂಬಿದ ಪೀಪಾಯಿಗಳ ಜೊತೆ ಅದು ಪ್ರಪಂಚದ ಬೆಚ್ಚನೆಯ ದೇಶಗಳಿಗೆಲ್ಲ ಹರಡಿತು. ಇದರ ದಾಯಾದಿ ಈಡಿಸ್ ಆಲ್ಬೊಪಿಕ್ಟಸ್ ಏಷ್ಯಾದ ಕಾಡಿನ ಸೊಳ್ಳೆ. ನಮ್ಮ ಕಡೆ ತೋಟ, ಮರಗಿಡ ಇರುವಲ್ಲಿ ಹೆಚ್ಚು. ಇದು ಹಳೆಯ ಟೈರುಗಳ ವ್ಯಾಪಾರದ ಜೊತೆ ಹೋಗಿ 1980ರ ದಶಕದಲ್ಲಿ ಅಮೆರಿಕದಲ್ಲಿ, 1990ರಲ್ಲಿ ಇಟಲಿಯಲ್ಲಿ ಬೀಡುಬಿಟ್ಟಿತು.

ಸೊಳ್ಳೆ ಇಷ್ಟು ದೂರ ಹೋದದ್ದು ರೆಕ್ಕೆಯ ಬಲದಿಂದಲ್ಲ. ಈಡಿಸ್ ಸಾಮಾನ್ಯವಾಗಿ ಹುಟ್ಟಿದ ಜಾಗದಿಂದ ಕೆಲವು ನೂರು ಮೀಟರ್ ಆಚೆ ಹೋಗುವುದಿಲ್ಲ. ಪ್ರಯಾಣ ಮಾಡಿದ್ದು ಅದರ ಮೊಟ್ಟೆ. ಈ ಸೊಳ್ಳೆ ಮೊಟ್ಟೆಯನ್ನು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಒದ್ದೆ ಗೋಡೆಗೆ ಅಂಟಿಸುತ್ತದೆ. ನೀರು ಪೂರ್ತಿ ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಮತ್ತೆ ನೀರು ಮುಟ್ಟಿದೊಡನೆ ಮರಿಹುಳು ಹೊರಬರುತ್ತದೆ.

ನಮ್ಮ ದೇಶದ ಸೊಳ್ಳೆಯೊಂದು ಹೀಗೆಯೇ ಹೊರಗೆ ಹೋಗಿದೆ. ನಮ್ಮ ನಗರಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ 2012ರಲ್ಲಿ ಆಫ್ರಿಕಾದ ಜಿಬೂಟಿಯಲ್ಲಿ, 2016ರಲ್ಲಿ ಇಥಿಯೋಪಿಯಾದಲ್ಲಿ ಪತ್ತೆಯಾಯಿತು. ಅಲ್ಲಿ ಅದು ನೀರಿನ ತೊಟ್ಟಿಗಳಲ್ಲಿ ಬೆಳೆದು, ದನದ ಕೊಟ್ಟಿಗೆಗಳಲ್ಲೂ ವಿಶ್ರಮಿಸುತ್ತಿದ್ದುದು ಕಂಡುಬಂದಿದೆ. ನಾವು ನೀರು ತುಂಬಿಡುವ ತೊಟ್ಟಿ, ಪೀಪಾಯಿ, ಟೈರುಗಳೇ ಇಂಥ ಸೊಳ್ಳೆಗಳಿಗೆ ಹೊಸ ಊರಿನಲ್ಲೂ ಮನೆ.

ಗುರುತಿಸುವುದು ಹೇಗೆ?

ಈಡಿಸ್ ಕಪ್ಪು ಬಣ್ಣದ ಸಣ್ಣ ಸೊಳ್ಳೆ. ಕಾಲುಗಳ ಮೇಲೆ ಬಿಳಿ ಪಟ್ಟೆ ಇರುತ್ತದೆ. ಇದು ಹಗಲು ಕಚ್ಚುತ್ತದೆ, ಅದರಲ್ಲೂ ಬೆಳಗ್ಗೆ ಮತ್ತು ಸೂರ್ಯ ಮುಳುಗುವ ಮುಂಚೆ ಜೋರು. ನಾವು ಕೊಟ್ಟಿಗೆ ಕೆಲಸ ಮಾಡುವ ಹೊತ್ತೂ ಹೆಚ್ಚುಕಡಿಮೆ ಅದೇ.

ಹಾರುವ ಸೊಳ್ಳೆಗಿಂತ ನೀರಿನ ಮರಿಹುಳುವನ್ನು ಗುರುತಿಸುವುದು ಸುಲಭ. ಬಿಳಿ ಬಟ್ಟಲಲ್ಲಿ ನೀರು ಮೊಗೆದು ನೋಡಿ:

• ನೀರಿನ ಮೇಲ್ಮೈಗೆ ಸಮನಾಗಿ, ಅಡ್ಡಲಾಗಿ ಮಲಗಿದ್ದರೆ ಅನಾಫಿಲಿಸ್ (ಮಲೇರಿಯಾ).
• ತಲೆ ಕೆಳಗಾಗಿ ಜೋತುಬಿದ್ದಿದ್ದು, ಬಾಲದ ಉಸಿರುನಳಿಕೆ ಗಿಡ್ಡವಾಗಿ ದಪ್ಪವಿದ್ದರೆ ಈಡಿಸ್. ಸಾಮಾನ್ಯವಾಗಿ ತಿಳಿನೀರಿನಲ್ಲಿ ಸಿಗುತ್ತದೆ.
• ಹಾಗೆಯೇ ಜೋತುಬಿದ್ದು ನಳಿಕೆ ಉದ್ದವಾಗಿ ಸಣ್ಣಗಿದ್ದರೆ ಕ್ಯೂಲೆಕ್ಸ್. ಗಂಜಲದ ಚರಂಡಿ, ಕೊಳಚೆ ನೀರು, ಗದ್ದೆಗಳಲ್ಲಿ ಹೆಚ್ಚು.
• ಅಲ್ಪವಿರಾಮ ಚಿಹ್ನೆಯಂತೆ ಬಾಗಿ, ಪುಟಿಯುತ್ತಾ ಓಡಾಡುವುದು ಕೋಶಾವಸ್ಥೆ. ಅದು ಕಂಡರೆ ಒಂದೆರಡು ದಿನದಲ್ಲಿ ಸೊಳ್ಳೆ ಹಾರಲಿದೆ ಎಂದರ್ಥ.

ಕೊಟ್ಟಿಗೆಯಲ್ಲಿ ಎಲ್ಲೆಲ್ಲಿ ನೋಡಬೇಕು?

1. ದನ ಕುಡಿಯುವ ನೀರಿನ ತೊಟ್ಟಿ. ದಿನವೂ ಖಾಲಿಯಾಗುವ ತೊಟ್ಟಿಯಲ್ಲಿ ಅಪಾಯ ಕಡಿಮೆ. ತಳದಲ್ಲಿ ನೀರು ಉಳಿಸಿಕೊಂಡೇ ಮತ್ತೆ ತುಂಬಿಸುವ ತೊಟ್ಟಿಯಲ್ಲಿ ಹೆಚ್ಚು.
2. ಬಳಸದೆ ಮೂಲೆಗಿಟ್ಟ ಕಲಗಚ್ಚಿನ ಬಾನಿ, ಒಡೆದ ಬಕೆಟ್, ಮುಚ್ಚಳವಿಲ್ಲದ ಡ್ರಮ್.
3. ರಸಮೇವಿನ ಗುಂಡಿಯ ಮೇಲೆ ಭಾರಕ್ಕಿಟ್ಟ ಹಳೆಯ ಟೈರು, ಟಾರ್ಪಾಲಿನ ಮಡಿಕೆಗಳಲ್ಲಿ ನಿಂತ ಮಳೆನೀರು.
4. ಎಲೆ ತೆಗೆದ ಮೇಲೆ ಬರಿ ನೀರು ಉಳಿದ ಅಜೋಲ್ಲಾ ತೊಟ್ಟಿ.
5. ತೆಂಗಿನ ಚಿಪ್ಪು, ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ಬಿದಿರಿನ ಬೊಡ್ಡೆಯ ತೂತು.
6. ನಿಮ್ಮ ಹಾಲು ಉತ್ಪಾದಕರ ಸಂಘದ ಕಟ್ಟಡದ ಹಿಂದಿನ ತೊಟ್ಟಿ, ಸಂಪು, ಗುಜರಿ ಸಾಮಾನು.

ವಾರಕ್ಕೊಮ್ಮೆ ಲೆಕ್ಕ

ಈಡಿಸ್ ಮೊಟ್ಟೆ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಸುಮಾರು 7ರಿಂದ 10 ದಿನ ಬೇಕು. ಆದ್ದರಿಂದ ವಾರದಲ್ಲಿ ಒಂದು ದಿನ ಗೊತ್ತುಮಾಡಿಕೊಂಡು, ತಪ್ಪದೆ ಅದೇ ದಿನ ನೋಡಬೇಕು. ಹತ್ತು ಹದಿನೈದು ದಿನಕ್ಕೊಮ್ಮೆ ನೋಡಿದರೆ ನಡುವೆ ಒಂದು ಪೀಳಿಗೆ ಹಾರಿಹೋಗಿರುತ್ತದೆ.

ಬೇಕಾಗುವುದು ಬಿಳಿ ಬಟ್ಟಲು, ಟಾರ್ಚು, ಒಂದು ನೋಟ್‌ಬುಕ್ಕು. ಹಾಲಿನ ಲೆಕ್ಕ ಬರೆಯುವ ಪುಸ್ತಕದ ಕೊನೆಯ ಪುಟವೇ ಸಾಕು. ಎರಡೇ ಅಂಕಿ ಬರೆಯಿರಿ: ನೀರು ನಿಂತ ಜಾಗ ಎಷ್ಟು, ಅದರಲ್ಲಿ ಹುಳು ಸಿಕ್ಕಿದ್ದು ಎಷ್ಟು. ಉದಾಹರಣೆಗೆ 12 ಜಾಗದಲ್ಲಿ 3 ಕಡೆ ಹುಳು ಇದ್ದರೆ ನೂರಕ್ಕೆ 25. ಮುಂದಿನ ವಾರ 12ರಲ್ಲಿ 1 ಆದರೆ ನೂರಕ್ಕೆ ಸುಮಾರು 8. ನಿಮ್ಮ ಕೆಲಸ ಫಲ ಕೊಡುತ್ತಿದೆ ಎಂದು ಅಂಕಿಯೇ ಹೇಳುತ್ತದೆ. ಅದೇ ಜಾಗದಲ್ಲಿ ಮತ್ತೆ ಮತ್ತೆ ಹುಳು ಬಂದರೆ ತೊಟ್ಟಿಯ ಗೋಡೆ ಸರಿಯಾಗಿ ಉಜ್ಜಿಲ್ಲ ಎಂದು ತಿಳಿಯಿರಿ.

ಆರೋಗ್ಯ ಇಲಾಖೆಯವರು, ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಮಾಡುವುದೂ ಇದೇ ಲೆಕ್ಕ. ನೋಡಿದ ನೂರು ಮನೆಗಳಲ್ಲಿ ಎಷ್ಟು ಮನೆಯಲ್ಲಿ ಹುಳು ಇದೆ ಎಂಬುದರ ಮೇಲೆ ಊರಿನ ಅಪಾಯ ಅಳೆಯುತ್ತಾರೆ. ಅವರು ಬಂದಾಗ ಮನೆಯ ಜೊತೆ ಕೊಟ್ಟಿಗೆಯನ್ನೂ ತೋರಿಸಿ. ಹಿತ್ತಲಿನ ಟೈರು, ಬಾನಿ ಅವರ ಕಣ್ಣಿಗೆ ಬೀಳದೆ ಹೋದರೆ ಊರಿನ ಲೆಕ್ಕ ಸುಳ್ಳಾಗುತ್ತದೆ.

ತಡೆಯುವ ಕ್ರಮಗಳು

• ತೊಟ್ಟಿಯ ನೀರು ಚೆಲ್ಲಿದರಷ್ಟೇ ಸಾಲದು. ಒಳಗೋಡೆಯನ್ನು, ಮುಖ್ಯವಾಗಿ ನೀರಿನ ಗೆರೆಯ ಮೇಲಿನ ಭಾಗವನ್ನು ಗಟ್ಟಿ ಬ್ರಷ್‌ನಿಂದ ಅಥವಾ ತೆಂಗಿನ ನಾರಿನಿಂದ ಉಜ್ಜಿ ತೊಳೆದು, ಬಿಸಿಲಿಗೆ ಒಣಗಿಸಿ, ಆಮೇಲೆ ತುಂಬಿಸಿ. ಪಾಚಿ ಇಲ್ಲದ ನೀರನ್ನು ಹಸುವೂ ಹೆಚ್ಚು ಕುಡಿಯುತ್ತದೆ.
• ತೊಳೆದ ನೀರನ್ನು ಬಿಸಿಲಿನ ನೆಲಕ್ಕೆ ಚೆಲ್ಲಿ. ಚರಂಡಿಗೆ ಸುರಿದರೆ ಹುಳು ಅಲ್ಲಿ ಬದುಕಬಹುದು.
• ರಸಮೇವಿನ ಗುಂಡಿಗೆ ಟೈರಿನ ಬದಲು ಮರಳಿನ ಚೀಲ ಇಡಿ. ಟೈರೇ ಬೇಕಿದ್ದರೆ ನೀರು ನಿಲ್ಲದಂತೆ ನಾಲ್ಕಾರು ತೂತು ಕೊರೆಯಿರಿ.
• ಡ್ರಮ್, ಸಂಪುಗಳಿಗೆ ಸಂದಿಯಿಲ್ಲದ ಮುಚ್ಚಳ ಇಲ್ಲವೇ ಬಿಗಿಯಾಗಿ ಕಟ್ಟಿದ ಬಟ್ಟೆ ಹಾಕಿ.
• ಖಾಲಿ ಮಾಡಲಾಗದ ದೊಡ್ಡ ತೊಟ್ಟಿಗೆ ಗಪ್ಪಿ ಅಥವಾ ಗಾಂಬೂಸಿಯಾ ಮೀನು ಬಿಡಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಆದರೆ ಕೆರೆ, ಹಳ್ಳಗಳಿಗೆ ಬಿಡಬೇಡಿ. ಇವೂ ಹೊರದೇಶದ ಮೀನುಗಳೇ, ನಮ್ಮ ನಾಡಮೀನಿನ ಮರಿ, ಮೊಟ್ಟೆಗಳನ್ನೂ ತಿನ್ನುತ್ತವೆ.
• ಗಂಜಲದ ಚರಂಡಿ ಹರಿಯುವಂತಿರಲಿ, ಗುಂಡಿಗೆ ಮುಚ್ಚಳವಿರಲಿ. ಇದರಿಂದ ಕ್ಯೂಲೆಕ್ಸ್ ಮತ್ತು ನೊಣ ಎರಡೂ ಕಡಿಮೆಯಾಗುತ್ತವೆ.
• ಕರೆಯುವಾಗ ತುಂಬು ತೋಳಿನ ಅಂಗಿ ಹಾಕಿಕೊಳ್ಳಿ. ಮನೆಯಲ್ಲಿ ಜ್ವರ ಬಂದವರು ಹಗಲಲ್ಲೂ ಸೊಳ್ಳೆ ಪರದೆಯಲ್ಲೇ ಮಲಗಲಿ. ಅವರನ್ನು ಕಚ್ಚಿದ ಸೊಳ್ಳೆಯೇ ಮುಂದೆ ಇನ್ನೊಬ್ಬರಿಗೆ ರೋಗ ಹರಡುವುದು.

ಇವು ಬೇಡ

• ದನ ಕುಡಿಯುವ ನೀರಿಗೆ ಸೀಮೆಎಣ್ಣೆ, ಎಂಜಿನ್ ಆಯಿಲ್, ಬೆಳೆಗೆ ಹೊಡೆಯುವ ಕೀಟನಾಶಕ ಹಾಕಬೇಡಿ. ವಿಷಬಾಧೆಯಾಗುತ್ತದೆ, ಹಾಲಿನಲ್ಲೂ ಉಳಿಕೆ ಬರುತ್ತದೆ. ಮರಿಹುಳು ನಾಶಕವನ್ನು ಆರೋಗ್ಯ ಸಿಬ್ಬಂದಿ ಹೇಳಿದ ನೀರಿಗೆ, ಹೇಳಿದ ಅಳತೆಯಲ್ಲಿ ಮಾತ್ರ ಬಳಸಿ.
• ಮೇವು, ಹಾಲಿನ ಪಾತ್ರೆ, ಕ್ಯಾನುಗಳಿರುವಾಗ ಕೊಟ್ಟಿಗೆಗೆ ಔಷಧಿ ಸಿಂಪಡಿಸಬೇಡಿ. ಹಸುವಿನ ಮೈಗೆ ಹಚ್ಚುವ ಔಷಧಿಯನ್ನು ಪಶುವೈದ್ಯರ ಸಲಹೆಯಂತೆ ಮಾತ್ರ ಬಳಸಿ, ಎಷ್ಟು ದಿನ ಹಾಲು ಹಾಕಬಾರದು ಎಂದು ಕೇಳಿಕೊಳ್ಳಿ.
• ಬೇವಿನ ಸೊಪ್ಪಿನ ಹೊಗೆ ಸ್ವಲ್ಪ ಹೊತ್ತು ಸೊಳ್ಳೆ ಓಡಿಸುತ್ತದೆ, ನೀರಿನಲ್ಲಿರುವ ಹುಳುವಿಗೆ ಏನೂ ಆಗುವುದಿಲ್ಲ. ಮುಚ್ಚಿದ ಕೊಟ್ಟಿಗೆಯಲ್ಲಿ ದಟ್ಟ ಹೊಗೆ ಕರುಗಳ ಉಸಿರಾಟಕ್ಕೆ ಕೆಟ್ಟದ್ದು.

ರೈತರು ಕೇಳುವ ಪ್ರಶ್ನೆಗಳು

ಹಾಲಿನಿಂದ ಡೆಂಗಿ ಹರಡುತ್ತದೆಯೇ?
ಇಲ್ಲ. ಹಸುವಿಗೆ ಡೆಂಗಿ ಬರುವುದಿಲ್ಲ, ಹಾಲಿನಿಂದ ಹರಡುವುದೂ ಇಲ್ಲ. ಆದರೂ ಹಾಲನ್ನು ಕಾಯಿಸಿಯೇ ಕುಡಿಯಿರಿ. ಅದಕ್ಕೆ ಬೇರೆ ಕಾರಣಗಳಿವೆ.

ಸೊಳ್ಳೆಯಿಂದ ದನಕ್ಕೆ ತೊಂದರೆ ಇಲ್ಲವೇ?
ಇದೆ. 2019ರಲ್ಲಿ ಒಡಿಶಾದಲ್ಲಿ ಮೊದಲು ಕಂಡು ಆಮೇಲೆ ನಮ್ಮಲ್ಲಿಗೂ ಬಂದ ಚರ್ಮಗಂಟು ರೋಗದ ವೈರಾಣುವನ್ನು ಈಡಿಸ್ ಈಜಿಪ್ಟಿ ಒಂದು ದನದಿಂದ ಇನ್ನೊಂದಕ್ಕೆ ಸಾಗಿಸಬಲ್ಲದು ಎಂದು ಪ್ರಯೋಗಗಳು ತೋರಿಸಿವೆ. ಕಚ್ಚುವ ನೊಣ, ಉಣ್ಣೆಗಳ ಪಾತ್ರವೂ ಇದೆ. ಮೂರು ದಿನದ ಜ್ವರವೂ ಕಚ್ಚುವ ಕೀಟಗಳಿಂದಲೇ ಹರಡುತ್ತದೆ. ಸೊಳ್ಳೆ ಕಾಟವಿದ್ದರೆ ಹಸು ನೆಮ್ಮದಿಯಾಗಿ ಮಲಗಿ ಮೆಲುಕು ಹಾಕುವುದಿಲ್ಲ. ಚರ್ಮಗಂಟಿಗೆ ಲಸಿಕೆಯೇ ಮುಖ್ಯ ರಕ್ಷಣೆ, ಸೊಳ್ಳೆ ನೊಣಗಳ ಹತೋಟಿ ಅದರ ಜೊತೆಗಿರಬೇಕು.

ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ?
ಬೇಗ ವೈದ್ಯರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ. ಡೆಂಗಿ ಇದ್ದಾಗ ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳಿಂದ ರಕ್ತಸ್ರಾವದ ಅಪಾಯವಿದೆ. ಅಂಗಡಿಯಿಂದ ತಂದು ನುಂಗಬೇಡಿ. ಕರೆಯುವ ಕೆಲಸಕ್ಕೆ ಮನೆಯ ಇನ್ನೊಬ್ಬರನ್ನು ಅಥವಾ ನೆರೆಯವರನ್ನು ಈಗಲೇ ರೂಢಿ ಮಾಡಿಸಿಡಿ. ಕೈ ಬದಲಾದರೆ ಹಸು ಒಂದೆರಡು ದಿನ ಹಾಲು ಏರಿಸಿಕೊಳ್ಳಬಹುದು, ಆಮೇಲೆ ಹೊಂದಿಕೊಳ್ಳುತ್ತದೆ.

ಸಂಘಗಳಿಗೆ ಒಂದು ಮನವಿ

ಒಂದು ಮನೆಯವರು ತೊಟ್ಟಿ ಉಜ್ಜಿ ಪಕ್ಕದ ಮನೆಯವರು ಬಿಟ್ಟರೆ ಪ್ರಯೋಜನವಿಲ್ಲ. ಸೊಳ್ಳೆಗೆ ಬೇಲಿ ಲೆಕ್ಕಕ್ಕಿಲ್ಲ. ಸಂಘದ ಕಾರ್ಯದರ್ಶಿಗಳು ವಾರದ ಒಂದು ದಿನವನ್ನು ಊರಿಗೆಲ್ಲ ಒಂದೇ ಎಂದು ಗೊತ್ತುಮಾಡಿ ಹಾಲು ಹಾಕುವ ಹೊತ್ತಿನಲ್ಲಿ ತಿಳಿಸಬೇಕು. ಎಷ್ಟು ಮನೆ ನೋಡಿದ್ದಾಯಿತು, ಎಷ್ಟರಲ್ಲಿ ಹುಳು ಸಿಕ್ಕಿತು ಎಂಬುದನ್ನು ಫಲಕದಲ್ಲಿ ಬರೆಯಬೇಕು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದಾಗ, ತಮ್ಮ ಜಾಗದಲ್ಲಿ ಸೊಳ್ಳೆ ಬೆಳೆಯದಂತೆ ನೋಡಿಕೊಳ್ಳುವುದು ಮಾಲೀಕರದೇ ಹೊಣೆ ಎಂದೂ ಹೇಳಿದೆ. ದಂಡಕ್ಕೆ ಹೆದರಿ ಮಾಡುವ ಕೆಲಸ ಇದಾಗಬಾರದು.

ನೆನಪಿಡಿ: ವಾರಕ್ಕೊಮ್ಮೆ ನೋಡುವುದು, ಉಜ್ಜುವುದು, ಒಣಗಿಸುವುದು, ಬರೆದಿಡುವುದು. ಅರ್ಧ ಗಂಟೆಯ ಕೆಲಸ. ಈ ವಾರ ಕೊಟ್ಟಿಗೆಯ ಹಿಂದಿನ ಟೈರಿನಿಂದಲೇ ಶುರು ಮಾಡಿ.