ಹನ್ನೆರಡು ಹೆಸರಿನ ಹಾಳೆ

ಜಿಲ್ಲಾ ವಾಲಿಬಾಲ್ ತಂಡದ ಹುಡುಗಿಯರನ್ನು ಮೊದಲ ಸಲ ನನ್ನ ಕೈಗೆ ಒಪ್ಪಿಸಿದ ವರ್ಷ, ಆಯ್ಕೆಯಾದವರ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿ ನಾನು ಚಹಾ ಕುಡಿಯಲು ಹೋದೆ. ಚಹಾ ಬೇಕಾಗಿತ್ತು ಅಂತಲ್ಲ. ನಲವತ್ತಕ್ಕೂ ಹೆಚ್ಚು ಮಕ್ಕಳು ಬೆಳಿಗ್ಗೆಯಿಂದ ಕೆಸರಲ್ಲಿ ಬಿದ್ದು ಎದ್ದು ಆಡಿದ್ದರು, ಹಾಳೆಯಲ್ಲಿ ಹನ್ನೆರಡೇ ಹೆಸರಿತ್ತು. ಉಳಿದವರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಕ್ಯಾಂಟೀನಿನ ಕಿಟಕಿಯಿಂದ ಒಬ್ಬ ಹುಡುಗಿ ಕಾಣುತ್ತಿದ್ದಳು. ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಓದಿದಳು. ಮತ್ತೆ ಕೆಳಗಿಂದ ಮೇಲಕ್ಕೆ ಬೆರಳಿಟ್ಟು ಓದಿದಳು. ಆಮೇಲೆ ಹಾಳೆಯ ತುದಿ ಎತ್ತಿ, ಹಿಂಬದಿಯಲ್ಲಿ ಏನಾದರೂ ಬರೆದಿದೆಯೇ ಎಂದು ನೋಡಿದಳು.

ಇಪ್ಪತ್ತು ಚಿಲ್ಲರೆ ವರ್ಷ ಮಲೆನಾಡಿನ ಪ್ರೌಢಶಾಲೆಗಳಲ್ಲಿ ಪಿ.ಟಿ. ಮೇಷ್ಟ್ರಾಗಿದ್ದೇನೆ. ಷೋಕೇಸಿನಲ್ಲಿ ಒಂದಿಷ್ಟು ಕಪ್ಪುಗಳೂ ಇವೆ. ಆದರೆ ತಂಡ ಕಟ್ಟುವ ಮಾತು ಬಂದಾಗಲೆಲ್ಲ ನನಗೆ ಮೊದಲು ಕಾಣುವುದು ಹಾಳೆಯ ತುದಿ ಎತ್ತಿದ ಆ ಕೈ.

ಅವಳನ್ನು ಯಾಕೆ ಬಿಟ್ಟೆ? ಎತ್ತರ ಸಾಲದು ಎಂದು. ಹುಡುಗಿಯರ ನೆಟ್ಟು 2.24 ಮೀಟರ್, ಅವಳು ಹಾರಿದರೂ ಬೆರಳಷ್ಟೇ ಮೇಲೆ ಬರುತ್ತಿತ್ತು. ಆದರೆ ಅಂಕಣದ ಹಿಂಬದಿಯಲ್ಲಿ ಅವಳಿದ್ದರೆ ಚೆಂಡು ನೆಲ ಮುಟ್ಟುವುದೇ ಕಷ್ಟ. ಇಂಥವರಿಗೆಂದೇ 1998ರಲ್ಲಿ ಲಿಬೆರೊ ನಿಯಮ ಬಂದಿತ್ತು. ಬೇರೆ ಬಣ್ಣದ ಜೆರ್ಸಿ ತೊಟ್ಟು ಹಿಂದಿನ ಸಾಲಿನಲ್ಲಷ್ಟೇ ಆಡುವ, ಬ್ಲಾಕ್ ಮಾಡದ, ಸ್ಮ್ಯಾಷ್ ಹೊಡೆಯದ ಆ ಒಬ್ಬ ಆಟಗಾರ್ತಿ ಎಷ್ಟು ಸಲ ಒಳಗೆ ಹೊರಗೆ ಹೋದರೂ ಬದಲಾವಣೆಯ ಲೆಕ್ಕಕ್ಕೆ ಸೇರುವುದಿಲ್ಲ. ನಿಯಮ ನನಗೆ ಗೊತ್ತಿರಲಿಲ್ಲವೆಂದಲ್ಲ, ನಂಬಿಕೆ ಇರಲಿಲ್ಲ. ಸರ್ವಿಸ್ ಮಾಡಿದವರಿಗೆ ಮಾತ್ರ ಪಾಯಿಂಟು ಸಿಗುತ್ತಿದ್ದ, ಹದಿನೈದಕ್ಕೆ ಸೆಟ್ ಮುಗಿಯುತ್ತಿದ್ದ ಕಾಲದಲ್ಲಿ ಆಡಿ ಬೆಳೆದವನು ನಾನು. ಆಗ ರಿಸೀವ್ ತಪ್ಪಿದರೆ ಸರ್ವಿಸ್ ಮತ್ತೆ ಗಳಿಸಿಕೊಂಡು ಸುಧಾರಿಸಿಕೊಳ್ಳಬಹುದು ಎಂಬ ಧೈರ್ಯವಿತ್ತು. ಈಗ ಪ್ರತಿ ರ‍್ಯಾಲಿಗೂ ಪಾಯಿಂಟು, 25ಕ್ಕೆ ಸೆಟ್ಟು. ನಾಲ್ಕು ರಿಸೀವ್ ಸಾಲಾಗಿ ತಪ್ಪಿದರೆ ಉಸಿರೆಳೆದುಕೊಳ್ಳುವುದರೊಳಗೆ ಆಟ ಕೈ ಜಾರಿರುತ್ತದೆ. ಆ ವರ್ಷ ನಮಗಾದದ್ದೂ ಅದೇ. ಆರು ಜನ ಎತ್ತರದ ಹುಡುಗಿಯರು ನೆಟ್ಟಿನ ಬಳಿ ದೀಪಸ್ತಂಭಗಳ ಹಾಗೆ ನಿಂತಿದ್ದರು, ಅವರ ಕೈಗೆ ಚೆಂಡೇ ಬರಲಿಲ್ಲ.

ಶಾಲೆಯ ತಂಡ ನಾವೇ ಸಾಕಿದ್ದು. ಎಂಟನೇ ತರಗತಿಯಲ್ಲಿ ಚೆಂಡು ಹಿಡಿದ ಮಗು ಹತ್ತನೇ ತರಗತಿ ಮುಗಿಸುವ ಹೊತ್ತಿಗೆ ಅದರ ಮಂಡಿನೋವು, ಮನೆತಾಪತ್ರಯ, ಮುನಿಸು ಎಲ್ಲ ನಮಗೆ ಗೊತ್ತಾಗಿರುತ್ತದೆ. ಜಿಲ್ಲಾ ತಂಡ ಕಡ ತಂದದ್ದು. ಏಳೆಂಟು ಶಾಲೆಗಳ ಮಕ್ಕಳನ್ನು ಹತ್ತು ಹನ್ನೆರಡು ದಿನದ ಮಟ್ಟಿಗೆ ತಂದು, ಆಡಿಸಿ, ಹಿಂದಿರುಗಿಸಬೇಕು. ಕಡ ತಂದ ಪಾತ್ರೆಯನ್ನು ನುಗ್ಗು ಮಾಡಿ ಕೊಡಬಾರದು ಎಂಬುದು ನನಗೆ ಅರ್ಥವಾಗಿದ್ದು ಘಟ್ಟದ ಅಂಚಿನ ಊರಿನ ಒಬ್ಬ ಹುಡುಗನಿಂದ. ಮೊಣಕೈ ಮಡಚಿಕೊಂಡೇ ಸ್ಮ್ಯಾಷ್ ಹೊಡೆಯುತ್ತಿದ್ದ. ನೋಡಲು ಚೆನ್ನಾಗಿರಲಿಲ್ಲ, ಚೆಂಡು ಮಾತ್ರ ಗೆರೆಯೊಳಗೇ ಬೀಳುತ್ತಿತ್ತು. ಪುಸ್ತಕದಲ್ಲಿರುವ ಹಾಗೆ ಅವನ ಕೈ ತಿದ್ದಲು ಹೊರಟೆ. ಹತ್ತು ದಿನದಲ್ಲಿ ಹಳೆಯದು ಮರೆತುಹೋಯಿತು, ಹೊಸದು ಕೂಡಲಿಲ್ಲ. ಪಂದ್ಯದಲ್ಲಿ ಹೊಡೆದದ್ದೆಲ್ಲ ಒಂದೋ ನೆಟ್ಟಿಗೆ, ಇಲ್ಲವೇ ಸ್ಕೋರರ್ ಮೇಜಿಗೆ. ವಾರದ ಮೇಲೆ ಅವನ ಮೇಷ್ಟ್ರು ಫೋನ್ ಮಾಡಿದರು: "ಕಳಿಸುವಾಗ ಹೊಡೀತಿದ್ದ ಮಾರಾಯ್ರೆ, ಏನು ಮಾಡಿದ್ರಿ ಅವನಿಗೆ?"

ಅಂದಿನಿಂದ ಶಿಬಿರದಲ್ಲಿ ಯಾರ ಕೈಯನ್ನೂ ತಿದ್ದುವುದಿಲ್ಲ. ರಿಸೀವ್, ರೊಟೇಷನ್, ಮಾತು, ಇಷ್ಟೇ ನನ್ನ ಪಾಠ.

ಮಾತು ಅಂದೆ. ವಾಲಿಬಾಲಿನಲ್ಲಿ ಚೆಂಡನ್ನು ಹಿಡಿದುಕೊಂಡು ಯೋಚಿಸುವ ಹಾಗಿಲ್ಲ. ಮೂರು ಸ್ಪರ್ಶದಲ್ಲಿ ಆಚೆ ದಾಟಿಸಬೇಕು. ಒಂಬತ್ತು ಮೀಟರ್ ಚೌಕದಲ್ಲಿ ಆರು ಜನ ಇರುವುದರಿಂದ ಯಾವ ಚೆಂಡು ಯಾರದ್ದು ಎಂದು ಕೂಗಿ ಹೇಳದಿದ್ದರೆ ಇಬ್ಬರ ನಡುವೆ ತೆಂಗಿನಕಾಯಿ ಬಿದ್ದಂತೆ ಬೀಳುತ್ತದೆ. ಒಂದೇ ಶಾಲೆಯ ಮಕ್ಕಳಿಗೆ ಇದು ರೂಢಿ. ಜಿಲ್ಲಾ ತಂಡದಲ್ಲಿ ಮೊದಲ ನಾಲ್ಕು ದಿನ ಮೌನ. ಬೇರೆ ಶಾಲೆಯ ಹುಡುಗಿಯ ಹತ್ತಿರ "ಬಿಡು, ನಂದು" ಎಂದು ಕೂಗಲು ಸಂಕೋಚ. ಕೂಗಿದರೂ ಆತುರದಲ್ಲಿ ಬಾಯಿಗೆ ಬರುವುದು ಅವರವರ ಮನೆಮಾತು. ಒಬ್ಬಳು "ಎನ್ನ" ಎಂದು ತುಳುವಿನಲ್ಲಿ, ಇನ್ನೊಬ್ಬಳು "ಮೈನ್" ಎಂದು ಇಂಗ್ಲಿಷಿನಲ್ಲಿ. ತೋಟದ ಲೈನ್ ಮನೆಯಿಂದ ಬಂದ ಹುಡುಗಿ ತಮಿಳಿನಲ್ಲಿ ಏನೋ ಅಂದಳು, ಅದು ಚೆಂಡನ್ನು ಬಿಡು ಅಂದದ್ದೋ ಬೇಡ ಅಂದದ್ದೋ ಇಂದಿಗೂ ನನಗೆ ತಿಳಿಯದು. ಒಮ್ಮೆ ಇಬ್ಬರು ಒಟ್ಟಿಗೇ "ನಂದು" ಅಂದರು, ಒಟ್ಟಿಗೇ ಬಿಟ್ಟರು. ಚೆಂಡು ಇಬ್ಬರ ಪಾದದ ನಡುವೆ ಸದ್ದಿಲ್ಲದೆ ಬಿತ್ತು. ಎಲ್ಲರಿಗಿಂತ ಹೆಚ್ಚು ನಕ್ಕವರು ಅವರಿಬ್ಬರೇ. ಆಗ ಗೊತ್ತಾಯಿತು, ಶಿಬಿರ ಸರಿಯಾಗುತ್ತಿದೆ ಎಂದು. ಈಗ ಮೊದಲ ದಿನ ಚೆಂಡನ್ನೇ ಮುಟ್ಟಿಸುವುದಿಲ್ಲ. ಊಟದ ತಟ್ಟೆ ಹಂಚಲು, ನೆಟ್ಟು ಕಟ್ಟಲು, ಗೆರೆಗೆ ಸುಣ್ಣ ಎಳೆಯಲು ಬೇರೆ ಬೇರೆ ಶಾಲೆಯವರನ್ನು ಜೋಡಿ ಮಾಡುತ್ತೇನೆ. ನೆಟ್ಟಿನ ಹಗ್ಗ ಬಿಗಿಯುವಾಗ ಒಬ್ಬರ ಮೇಲೊಬ್ಬರು ರೇಗಲೇಬೇಕಾಗುತ್ತದೆ. ರೇಗಿದರೆ ಅರ್ಧ ಕೆಲಸ ಮುಗಿದಂತೆ.

ನನ್ನ ತಪ್ಪುಗಳಲ್ಲಿ ಅತಿ ದೊಡ್ಡದು ಒಂದು ಅಂಗೈಯಗಲದ ಚೀಟಿಯ ಮೇಲೆ ಆಯಿತು. ಪ್ರತಿ ಸೆಟ್ಟಿಗೂ ಮೊದಲು ತರಬೇತುದಾರ ಒಂದರಿಂದ ಆರರವರೆಗಿನ ಸ್ಥಾನಗಳಲ್ಲಿ ಯಾರು ನಿಲ್ಲುತ್ತಾರೆಂದು ಜೆರ್ಸಿ ನಂಬರ್ ಬರೆದು ಕೊಡಬೇಕು. ಕೊಟ್ಟ ಮೇಲೆ ಅದೇ ಶಾಸನ. ನಮ್ಮದು ಚೆಂಡು ಎತ್ತಿಕೊಡುವ ಲಿಫ್ಟರ್ ಒಬ್ಬಳೇ ಇರುವ ತಂಡ. ಲಿಫ್ಟರ್ ಒಂದರಲ್ಲಿ ನಿಂತರೆ ಅವಳ ಜೋಡಿ ಸ್ಮ್ಯಾಷರ್ ನಾಲ್ಕರಲ್ಲಿ ನಿಲ್ಲಬೇಕು. ಹೀಗೆ ಎದುರು ಬದುರಾಗಿ ನಿಂತರೆ ಮಾತ್ರ ಒಬ್ಬಳು ಮುಂದಿದ್ದಾಗ ಇನ್ನೊಬ್ಬಳು ಹಿಂದಿರುತ್ತಾಳೆ. ಸೆಮಿಫೈನಲ್‌ನ ಗಡಿಬಿಡಿಯಲ್ಲಿ ನಾನು ಆ ಸ್ಮ್ಯಾಷರ್ ನಂಬರನ್ನು ಐದಕ್ಕೆ ಬರೆದೆ. ರೆಫರಿ ಚೀಟಿ ನೋಡಿ ಹುಡುಗಿಯರನ್ನು ನಿಲ್ಲಿಸಿದಾಗ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹನ್ನೆರಡು ದಿನ ಕಲಿತ ಕ್ರಮವೆಲ್ಲ ತಲೆಕೆಳಗು. ಮೂವತ್ತು ಸೆಕೆಂಡಿನ ಎರಡು ಟೈಮ್‌ಔಟ್‌ನಲ್ಲಿ ನಾನು ಏನು ವಿವರಿಸಿದರೂ ತಲೆಗೆ ಹತ್ತಲಿಲ್ಲ. ಸೆಟ್ ಹೋಯಿತು.

ಒಬ್ಬಳೂ ನನ್ನನ್ನು ದೂರಲಿಲ್ಲ. ಅಂಕಣ ಬದಲಿಸುವಾಗ ಕ್ಯಾಪ್ಟನ್ ಬಂದು, ನೀರಿನ ಬಾಟಲಿ ಮುಚ್ಚಳ ತಿರುವುತ್ತಾ, "ಸರ್, ಕೊಡೋಕೆ ಮುಂಚೆ ನಾನೊಂದು ಸಲ ನೋಡ್ಲಾ?" ಎಂದು ಕೇಳಿದಳು. ಹದಿನೈದು ವರ್ಷದ ಹುಡುಗಿ. ನನಗೆ ನಾಚಿಕೆಯೂ ಆಯಿತು, ಮೈಯೆಲ್ಲ ಹಗುರವೂ ಆಯಿತು. ಆವತ್ತು ನಾವು ಸೋತೆವು. ಆದರೆ ಈ ಕೆಲಸದಿಂದ ನಿಮಗೇನು ಸಿಕ್ಕಿತು ಎಂದು ಯಾರಾದರೂ ಕೇಳಿದರೆ ನಾನು ಆ ಪ್ರಶ್ನೆಯನ್ನೇ ಹೇಳುತ್ತೇನೆ. ಇವತ್ತಿಗೂ ನನ್ನ ತಂಡದಲ್ಲಿ ಚೀಟಿ ಕ್ಯಾಪ್ಟನ್ ಕೈದಾಟದೆ ರೆಫರಿಗೆ ಹೋಗುವುದಿಲ್ಲ.

ಇನ್ನೊಂದು ಬುದ್ಧಿ ತಡವಾಗಿ ಬಂತು. ಸರ್ವಿಸ್ ನೆಟ್ಟಿಗೆ ಹೊಡೆದ ಮಗುವನ್ನು ಆ ಕ್ಷಣವೇ ಹೊರಗೆ ಕರೆಯುವ ಚಾಳಿ ನನಗಿತ್ತು. ಹಾಗೆ ಮಾಡಿದರೆ ಉಳಿದ ಐವರೂ ಚೆಂಡಿಗಿಂತ ಹೆಚ್ಚು ಬೆಂಚಿನ ಕಡೆಗೇ ನೋಡುತ್ತಾ ಆಡುತ್ತಾರೆ. ಈಗ ತಪ್ಪಾದ ಮೇಲೆ ಎರಡು ರ‍್ಯಾಲಿ ಕಳೆಯುವವರೆಗೆ ಕೈ ಕಟ್ಟಿಕೊಂಡು ಕೂರುತ್ತೇನೆ, ಬೇಕಾದರೆ ಆಮೇಲೆ ಬದಲಿಸುತ್ತೇನೆ. ಹೇಳಿದಷ್ಟು ಸುಲಭವಲ್ಲ, ನಾಲಿಗೆ ಕಚ್ಚಿಕೊಳ್ಳಬೇಕು.

ಹುಡುಗರ ತಂಡದ ಕಷ್ಟವೇ ಬೇರೆ. ನಮ್ಮ ಕಡೆ ಮಳೆ ನಿಂತರೆ ಸಾಕು, ಊರೂರಲ್ಲಿ ಹೊನಲು ಬೆಳಕಿನ ಪಂದ್ಯಾವಳಿ. ನಾನೂ ಅಂಥ ಟ್ಯೂಬ್‌ಲೈಟಿನ ಕೆಳಗೇ ಆಟ ಕಲಿತವನು, ಅದನ್ನು ಹಳಿಯಲಾರೆ. ಆದರೆ ಚೆನ್ನಾಗಿ ಹೊಡೆಯುವ ಹುಡುಗನೊಬ್ಬ ಕಣ್ಣಿಗೆ ಬಿದ್ದರೆ ದೊಡ್ಡವರ ತಂಡಗಳು ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ರಾತ್ರಿ ಎರಡರವರೆಗೆ ಆಡಿಸಿ ಕೈಗೆ ಇಷ್ಟು ಹಣ ಕೊಟ್ಟು ಬೆಳಗಿನ ಜಾವ ಬಿಡುತ್ತವೆ. ಆ ಹುಡುಗ ಎಂಟಕ್ಕೆ ನನ್ನ ಶಿಬಿರಕ್ಕೆ ಬಂದು ಭುಜ ಉಜ್ಜಿಕೊಳ್ಳುತ್ತಾನೆ. ಅದರ ಮೇಲೆ ಮೊಬೈಲಿನಲ್ಲಿ ಪ್ರೈಮ್ ವಾಲಿಬಾಲ್ ನೋಡಿ ಎಲ್ಲರಿಗೂ ಜಂಪ್ ಸರ್ವೇ ಬೇಕು. ಭಾರತ ತಂಡಕ್ಕೆ ಆಡಿದ ದಕ್ಷಿಣ ಕನ್ನಡದ ಅಶ್ವಲ್ ರೈ ಅವರ ಬ್ಲಾಕ್ ನೋಡಿ ದಿನಕ್ಕೆ ನೂರು ಸಲ ಹಾರುವವರಿದ್ದಾರೆ. ಆಸೆ ಒಳ್ಳೆಯದೇ. ಆದರೆ ಹದಿಮೂರು ಹದಿನಾಲ್ಕರಲ್ಲಿ ಮೂಳೆ ಸರಸರನೆ ಬೆಳೆಯುತ್ತಿರುತ್ತದೆ. ಮಂಡಿಚಿಪ್ಪಿನ ಕೆಳಗೆ ಸ್ನಾಯುರಜ್ಜು ಕಾಲಿನ ಮೂಳೆಗೆ ಕೂಡುವ ಎಳೆಯ ಭಾಗ ಹಾರಿ ಹಾರಿ ಎಳೆದು ಊದಿಕೊಳ್ಳುತ್ತದೆ. ವೈದ್ಯರು ಇದನ್ನು ಆಸ್‌ಗುಡ್ ಶ್ಲಾಟರ್ ಎನ್ನುತ್ತಾರೆ. ನಾನು ಮೊದಮೊದಲು ಇದಕ್ಕೆ "ಸೋಗು" ಎಂದು ಹೆಸರಿಟ್ಟಿದ್ದೆ, ನೋವೆಂದ ಮಕ್ಕಳನ್ನು ಇನ್ನೆರಡು ಸುತ್ತು ಓಡಿಸಿದ್ದೆ. ಅವರಲ್ಲಿ ಇಬ್ಬರ ಹತ್ತಿರ ದೊಡ್ಡವರಾದ ಮೇಲೆ ಕ್ಷಮೆ ಕೇಳಿದ್ದೇನೆ. ಒಬ್ಬ ನಕ್ಕ. ಇನ್ನೊಬ್ಬ ನಗಲಿಲ್ಲ.

ಹುಡುಗಿಯರ ತಂಡ ಹೊರಡಿಸುವುದೆಂದರೆ ಮನೆ ಮನೆಗೆ ಹೋಗುವುದು. "ಎಸ್ಸೆಸ್ಸೆಲ್ಸಿ ಇದೆ ಸರ್" ಎನ್ನುವ ಅಪ್ಪ, ಯಾವ ಊರು, ಎಷ್ಟು ರಾತ್ರಿ, ಜೊತೆಗೆ ಯಾವ ಮೇಡಂ ಎಂದು ಕೇಳುವ ಅಮ್ಮ. ಕೇಳಬೇಕಾದ ಪ್ರಶ್ನೆಗಳೇ. ಉಳಿದುಕೊಳ್ಳುವ ಕಡೆ ಶೌಚಾಲಯಕ್ಕೆ ಚಿಲಕ ಇದೆಯೇ ಎಂದು ನಾನು ಮೊದಲೇ ಹೋಗಿ ನೋಡಿ ಬರುತ್ತೇನೆ, ಇಲ್ಲದಿದ್ದರೆ ಸ್ಕ್ರೂಡ್ರೈವರ್ ನನ್ನ ಚೀಲದಲ್ಲೇ ಇರುತ್ತದೆ. ಯಾವ ತರಬೇತಿ ಪುಸ್ತಕದಲ್ಲೂ ಈ ಅಧ್ಯಾಯವಿಲ್ಲ.

ಮತ್ತೆ ಪಟ್ಟಿಗೆ ಬರುತ್ತೇನೆ. ಈಗ ನಾನು ಹಾಳೆ ಅಂಟಿಸುವುದಿಲ್ಲ. ಆಯ್ಕೆಯ ಸಂಜೆ ಎಲ್ಲರನ್ನೂ ಕೂರಿಸಿ ಹನ್ನೆರಡು ಹೆಸರು ಓದುತ್ತೇನೆ, ಆಮೇಲೆ ಉಳಿದವರನ್ನು ಒಬ್ಬೊಬ್ಬರನ್ನಾಗಿ ಕರೆದು ಯಾಕಿಲ್ಲ ಎಂದು ಹೇಳುತ್ತೇನೆ. "ಪಾಸ್ ಚೆನ್ನಾಗಿದೆ, ಸರ್ವಿಸ್ ಹತ್ತರಲ್ಲಿ ಆರು ಹೊರಗೆ ಹೋಗುತ್ತಿದೆ." "ನಿನ್ನ ಜಾಗದಲ್ಲಿ ನಿನಗಿಂತ ಒಂದು ಕೂದಲೆಳೆ ಮುಂದಿರುವವಳು ಇದ್ದಾಳೆ, ಅವಳಿಗೆ ವಯಸ್ಸಾಯಿತು, ಮುಂದಿನ ವರ್ಷ ಬರುವ ಹಾಗಿಲ್ಲ, ನೀನು ಬಾ." ಕೆಲವರು ಅಳುತ್ತಾರೆ, ಕೆಲವರು ವಾದಿಸುತ್ತಾರೆ. ವಾದದಲ್ಲಿ ಎರಡು ಸಲ ನಾನು ಸೋತು ಪಟ್ಟಿ ತಿದ್ದಿದ್ದೇನೆ. ಕತ್ತಲಾಗಿ, ಕೊನೆಯ ಬಸ್ಸು ತಪ್ಪಿ, ಮಕ್ಕಳನ್ನು ಪರಿಚಯದವರ ಜೀಪಿನಲ್ಲಿ ಕಳಿಸಿದ್ದೂ ಉಂಟು. ಹೀಗೆ ಕಾರಣ ಹೇಳಬೇಕು ಎಂದು ಗೊತ್ತಿರುವುದರಿಂದಲೇ ಆಯ್ಕೆಯ ದಿನ ಬೆಳಿಗ್ಗೆಯಿಂದ ನನ್ನ ನೋಟ್‌ಬುಕ್ಕಿನಲ್ಲಿ ಒಂದೊಂದು ಮಗುವಿನ ಮುಂದೆಯೂ ಏನಾದರೂ ಬರೆದಿರುತ್ತೇನೆ. ಮೊದಲ ವರ್ಷ ಆ ನೋಟ್‌ಬುಕ್ಕಿನಲ್ಲಿ ಎತ್ತರದ ಸೆಂಟಿಮೀಟರ್ ಬಿಟ್ಟು ಬೇರೇನೂ ಇರಲಿಲ್ಲ.

ಹಾಳೆಯ ಹಿಂಬದಿ ನೋಡಿದ ಹುಡುಗಿ ಮರುವರ್ಷ ಆಯ್ಕೆಗೆ ಬರಲಿಲ್ಲ. ನಾನು ಕಾದಿದ್ದೆ.

ನಿಮ್ಮ ಮಗನೋ ಮಗಳೋ ತಂಡಕ್ಕೆ ಆಯ್ಕೆಯಾಗದೆ ಮನೆಗೆ ಬಂದು ಮೂಲೆ ಹಿಡಿದು ಕೂತರೆ, ಮೇಷ್ಟ್ರಿಗೆ ಫೋನ್ ಮಾಡಿ ಯಾಕೆ ತೆಗೆದುಕೊಳ್ಳಲಿಲ್ಲ ಎಂದು ಕೇಳಿ. ಜಗಳಕ್ಕೆ ಬೇಡ, ಸುಮ್ಮನೆ ಕೇಳಿ. ಉತ್ತರ ನಮ್ಮ ಹತ್ತಿರ ಇರಬೇಕು.