ಧೂಳಿಗೆ ಎಷ್ಟು ಅಂಕ? ಸುರಂಗ ಕೆಲಸದ ಅಪಾಯ ಅಳೆಯುವ ಪಾಠ

ತರಗತಿ: 9. ವಿಷಯ: ಗಣಿತ ಮತ್ತು ವಿಜ್ಞಾನ ಸಮನ್ವಯ. ಅವಧಿ: 40 ನಿಮಿಷ (ಎರಡು ಅವಧಿ ಹಿಡಿಯಿತು). ಶಾಲೆ: ಕುಷ್ಟಗಿ ತಾಲ್ಲೂಕಿನ ಒಂದು ಪ್ರೌಢಶಾಲೆ.

ಪೀಠಿಕಾ ಪ್ರಶ್ನೆ: "ನಮ್ಮ ಜಿಲ್ಲೆಯಲ್ಲಿ ಕಾಲುವೆ ನೀರು ಗುಡ್ಡದೊಳಗೆ ಹರಿಯುವುದು ಎಲ್ಲಿ?" ಗಂಗಾವತಿ ಕಡೆ ಸಂಬಂಧಿಕರಿದ್ದ ಇಬ್ಬರು ಕೂಡಲೇ "ಪಾಪಯ್ಯ ಟನಲ್ ರೀ ಸರ್" ಎಂದರು. ತುಂಗಭದ್ರಾ ಎಡದಂಡೆ ಕಾಲುವೆಯ ಸುರಂಗ ಅದು. ಇಂಥದನ್ನು ಕೊರೆಯುವವರಿಗೆ ಏನೇನು ಅಪಾಯ ಎಂದು ಕೇಳಿದೆ. ಕಲ್ಲು ಬೀಳುವುದು, ಮದ್ದು ಸಿಡಿಯುವುದು, ನೀರು ನುಗ್ಗುವುದು, ಕಾಲು ಜಾರುವುದು, ಧೂಳು, ಕರಡಿ ಎಂದರು. ಕರಡಿಯನ್ನೂ ಬರೆದೆ, ಆ ಗುಡ್ಡಗಳನ್ನು ಬಲ್ಲವರಿಗೆ ಅದು ತಮಾಷೆಯಲ್ಲ. ಗಾಳಿಯ ಮಾತು ಯಾರೂ ಎತ್ತಲಿಲ್ಲ. ಮದ್ದು ಸಿಡಿದ ಮೇಲೆ ಉಳಿಯುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ ಎಂದು ನಾನೇ ಸೇರಿಸಿದೆ.

ಅಪಾಯ ಅಳೆಯಲು ಎಂಜಿನಿಯರುಗಳು ಬಳಸುವ ಒಂದು ಸರಳ ವಿಧಾನವಿದೆ. ಘಟನೆ ನಡೆಯುವ ಸಂಭವಕ್ಕೆ 1ರಿಂದ 5, ನಡೆದರೆ ಆಗುವ ಹಾನಿಗೆ 1ರಿಂದ 5 ಅಂಕ ಕೊಟ್ಟು ಗುಣಿಸುವುದು. ಮಕ್ಕಳ ಗುಂಪುಗಳು ಉತ್ಸಾಹದಿಂದ ಗುಣಿಸಿದವು. ಚಾವಣಿ ಕುಸಿತ 2×5=10, ಜಾರುವುದು 4×2=8, ಧೂಳು 5×1=5. "ಧೂಳು ದಿನಾ ಇರತೈತ್ರಿ, ಅದರಿಂದ ಏನಾಗತೈತಿ?" ಎಂದ ಒಬ್ಬ. ನಾನೂ ಒಪ್ಪಿ ಕಪ್ಪುಹಲಗೆಯಲ್ಲಿ ಧೂಳನ್ನು ಕೊನೆಗೆ ಬರೆದೆ. ಪಾಠದ ದೊಡ್ಡ ತಪ್ಪು ಅದೇ.

ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಸರ್, ನಮ್ಮಪ್ಪ ಕಲ್ಲಿನ ಕ್ವಾರಿಗೆ ಹೋಗ್ತಾನ್ರಿ. ಒಂದಿನಾನೂ ಪೆಟ್ಟಾಗಿಲ್ಲ. ಈಗ ನಾಕ್ ಮೆಟ್ಲ ಹತ್ತಿದ್ರ ತೇಕತಾನ್ರಿ. ಅದಕ್ಕ ಒಂದ ಮಾರ್ಕ್ ಏನ್ರಿ?"

ನನ್ನಲ್ಲಿ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ.

ರಾತ್ರಿ ಓದಿಕೊಂಡು ಮರುದಿನ ಧೂಳಿನಿಂದಲೇ ಶುರುಮಾಡಿದೆ. ನಮ್ಮ ಕಡೆಯ ಗ್ರಾನೈಟ್‌ನಲ್ಲಿ ಬೆಣಚು, ಅಂದರೆ ಸಿಲಿಕಾ ಇದೆ. ಒಣಕಲ್ಲು ಕೊರೆದಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಶ್ವಾಸಕೋಶದ ತಳ ಮುಟ್ಟಿ, ಅಲ್ಲಿ ಗಾಯದ ಕಲೆ ಕಟ್ಟುತ್ತವೆ. ಇದೇ ಸಿಲಿಕೋಸಿಸ್. ಸಾಮಾನ್ಯವಾಗಿ ವರ್ಷಗಟ್ಟಲೆ ಧೂಳು ಕುಡಿದ ಮೇಲೆ ತೋರುತ್ತದೆ, ಗುಣವಾಗುವುದಿಲ್ಲ. ಕೋಲಾರದ ಚಿನ್ನದ ಗಣಿ ಕಾರ್ಮಿಕರಲ್ಲೂ ಇದು ಇತ್ತು. ಹಾನಿ ಎಂದರೆ ಆ ದಿನವೇ ಕಾಣುವ ಪೆಟ್ಟು ಎಂದುಕೊಂಡದ್ದರಿಂದ ನಾವು 1 ಕೊಟ್ಟಿದ್ದೆವು. ಅದನ್ನು ಅಳಿಸಿ 5 ಬರೆದಾಗ 5×5=25, ಧೂಳು ಪಟ್ಟಿಯ ತುದಿಗೆ ಹೋಯಿತು.

ಗುಣಾಕಾರದಲ್ಲಿ ಇನ್ನೊಂದು ತೊಡಕು. 1×5 ಮತ್ತು 5×1 ಎರಡೂ 5. ಅಪರೂಪದ ಸಾವೂ ದಿನದ ತರಚುಗಾಯವೂ ಒಂದೇ ಆಗಿಬಿಡುತ್ತವೆ. 2023ರ ನವೆಂಬರ್ 12ರಂದು ಉತ್ತರಾಖಂಡದ ಸಿಲ್ಕ್ಯಾರಾ ಸುರಂಗ ಕುಸಿದು 41 ಕಾರ್ಮಿಕರು ಒಳಗೆ ಸಿಕ್ಕಿಕೊಂಡರು. ಕಿರಿದಾದ ಕೊಳವೆಯಲ್ಲಿ ಬಂದ ಗಾಳಿ, ಆಹಾರ ಅವರನ್ನು ಉಳಿಸಿತು. 17ನೇ ದಿನ ಹೊರಬಂದರು. ಹಾನಿಗೆ 5 ಇದ್ದರೆ ಗುಣಲಬ್ಧ ಎಷ್ಟೇ ಬರಲಿ, ಮೊದಲೇ ಸಿದ್ಧತೆ ಬೇಕು ಎಂದು ಮಕ್ಕಳೇ ನಿಯಮ ಮಾಡಿದರು.

ಪರಿಹಾರ ಕೇಳಿದರೆ ಎಲ್ಲರೂ "ಹೆಲ್ಮೆಟ್!" ಎಂದರು. ಹೆಲ್ಮೆಟ್, ಮಾಸ್ಕ್ ಕೊನೆಯ ಸಾಲಿನವು. ಧೂಳಿಗೆ ಮೊದಲು ನೀರು ಹಾಯಿಸಿ ಕೊರೆಯುವುದು, ಆಮೇಲೆ ಗಾಳಿಕೊಳವೆ, ಆಮೇಲೆ ಮಾಸ್ಕ್. ಕುಸಿತಕ್ಕೆ ಬರಿಗಲ್ಲಿನ ಕೆಳಗೆ ಆಳು ನಿಲ್ಲದಂತೆ ಮಾಡುವುದು. ಬೆಂಗಳೂರು ಮೆಟ್ರೊದ ಕೊರೆಯುವ ಯಂತ್ರಗಳು ಮುಂದೆ ಸಾಗಿದಂತೆ ಹಿಂದೆ ಕಾಂಕ್ರೀಟ್ ಬಳೆ ಜೋಡಿಸುತ್ತವೆ. ಅವುಗಳಲ್ಲಿ ಎರಡರ ಹೆಸರು ತುಂಗಾ, ಭದ್ರಾ ಎಂದಾಗ ತರಗತಿ ನಕ್ಕಿತು. ಯಂತ್ರವಿದ್ದರೆ ಅಪಾಯ ಸೊನ್ನೆ ಎನ್ನಬಾರದು. ತೆಲಂಗಾಣದ ಶ್ರೀಶೈಲಂ ಎಡದಂಡೆ ಕಾಲುವೆ ಸುರಂಗದಲ್ಲೂ ಅಂಥದೇ ಯಂತ್ರವಿತ್ತು. 2025ರ ಫೆಬ್ರವರಿ 22ರಂದು ನೀರು, ಕೆಸರು ನುಗ್ಗಿ ಸಿಕ್ಕಿಕೊಂಡ 8 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಈ ಪಾಠ ಮಾಡುವ ಸಹಪಾಠಿಗಳಿಗೆ ಒಂದು ಮಾತು. ಮನೆಯವರ ಕಾಯಿಲೆಯನ್ನು ತರಗತಿಯಲ್ಲಿ ಕೆದಕಬೇಡಿ. ಆ ಹುಡುಗಿಯೊಡನೆ ನಾನು ಮಾತಾಡಿದ್ದು ಬೆಲ್ ಹೊಡೆದ ಮೇಲೆ, ತರಗತಿ ಶಿಕ್ಷಕಿಯ ಎದುರಿಗೆ. ಅಪ್ಪನಿಗೆ ಏನಾಗಿದೆ ಎಂದು ನಾನು ಹೇಳಲಾರೆ, ಎದೆಯ ಎಕ್ಸ್‌ರೇ ಮಾಡಿಸಲಿ ಎಂದೆ. ಸಿಲಿಕೋಸಿಸ್ ಎಕ್ಸ್‌ರೇಯಲ್ಲಿ ಕ್ಷಯದಂತೆ ಕಾಣುವುದುಂಟು. ಅದಕ್ಕೇ ಎಷ್ಟು ವರ್ಷದಿಂದ ಕಲ್ಲು ಕೊರೆಯುತ್ತಿದ್ದೇನೆ ಎಂಬುದನ್ನು ಡಾಕ್ಟರಿಗೆ ಅವರೇ ಮೊದಲು ಹೇಳಲಿ ಎಂದೆ. ಅವಳು ಅದನ್ನು ಗಣಿತದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡಳು.