ಸೀರೆಗೆಂದು ಕೊಟ್ಟ ನಂಬರು

ಮಿರಜ ತಾಲ್ಲೂಕಿನ ಮಾಲಗಾಂವದ ಅಕ್ಕ ಒಬ್ಬರು ಮೊಬೈಲಿನಲ್ಲಿ ಸೀರೆ ತರಿಸಿದರು ಎನ್ನಿ. ಪಾರ್ಸೆಲ್ ಬಂದ ಬೆನ್ನಿಗೇ ಸಾಲದ ಕರೆ, ಹಬ್ಬದ ಆಫರಿನ ಮೆಸೇಜುಗಳೂ ಶುರುವಾದವು. ನಂಬರು ಕೊಟ್ಟದ್ದು ಸೀರೆ ಮನೆ ಮುಟ್ಟಲೆಂದು. ಅದು ಮತ್ತೊಬ್ಬರ ಕೈಗೆ ಹೋದದ್ದು ಹೇಗೆಂದು ಕೇಳುವ ಹಕ್ಕು ಅವರಿಗಿದೆ.

ಏನು ತಪ್ಪು?

ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಕಾನೂನಿನ ಆಧಾರವಿಲ್ಲದೆ ಬೇರೆಯವರಿಗೆ ದಾಟಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿ. ಖರೀದಿಯ ಒಪ್ಪಿಗೆಯ ಚೌಕದಲ್ಲಿ ಕಂಪನಿಯೇ ಮೊದಲೇ ಟಿಕ್ ಹಾಕಿಡುವಂತಿಲ್ಲ ಎನ್ನುತ್ತವೆ 2020ರ ಇ-ವಾಣಿಜ್ಯ ನಿಯಮಗಳು. ‘ಇನ್ನು ಎರಡೇ ಉಳಿದಿವೆ’ ಎಂಬ ಸುಳ್ಳು ಅವಸರ, ಕೇಳದ ವಿಮೆಯನ್ನೋ ದೇಣಿಗೆಯನ್ನೋ ಬಿಲ್ಲಿಗೆ ಸೇರಿಸುವುದು ಮುಂತಾದ 13 ಬಗೆಯ ಮೋಸದ ವಿನ್ಯಾಸಗಳನ್ನು 2023ರ ನವೆಂಬರ್ 30ರ ಮಾರ್ಗಸೂಚಿ ನಿಷೇಧಿಸಿದೆ.

ಕನ್ನಡದಲ್ಲೇ ಕೇಳಬಹುದು

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೆ, ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ 8ನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಇರಬೇಕು. ಮನೆ ಮಹಾರಾಷ್ಟ್ರದಲ್ಲಿದ್ದರೇನು, ಕನ್ನಡವೂ ಆ ಪಟ್ಟಿಯಲ್ಲಿದೆ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯಲೂ ಆಗಬೇಕು. ಈ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದಿವೆ. ಒಪ್ಪಿಗೆಯ ಈ ಅಂಶಗಳು ಜಾರಿಗೆ ಬರುವುದು ಅಲ್ಲಿಂದ 18 ತಿಂಗಳ ಬಳಿಕ. ಒಂದು ಮಾತು ನೆನಪಿರಲಿ: ಈ ಕಾಯ್ದೆಯ ದಂಡ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ. ನಿಮಗೆ ಪರಿಹಾರ ಬೇಕಿದ್ದರೆ ಗ್ರಾಹಕ ಆಯೋಗದ ಬಾಗಿಲು ತಟ್ಟಬೇಕು.

ದೂರಿನ ದಾರಿ

1. ಮೆಸೇಜ್ ಅಳಿಸುವ ಮುನ್ನ ದಿನಾಂಕ, ಕಳಿಸಿದವರ ಹೆಸರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ.
2. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಸಿಗಬೇಕು.
3. ಬೇಡದ ಜಾಹೀರಾತು ಕರೆ, ಎಸ್ಸೆಮ್ಮೆಸ್‌ಗಳಿಗೆ 1909. ಗ್ರಾಹಕ ಸಹಾಯವಾಣಿ 1915. ಹಣ ಹೋಗಿದ್ದರೆ ತಡಮಾಡದೆ 1930.
4. ಜಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕಂಪನಿ ಬೆಂಗಳೂರಿನಲ್ಲಿರಲಿ, ದೆಹಲಿಯಲ್ಲಿರಲಿ, ನೀವು ವಾಸಿಸುವ ಸಾಂಗ್ಲಿ ಜಿಲ್ಲೆಯಲ್ಲೇ ದೂರು ಕೊಡಬಹುದು. ತೆತ್ತ ಬೆಲೆ 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ. ದೂರು ಕೊಡಲು ಇರುವ ಅವಧಿ ಎರಡು ವರ್ಷ. ವಕೀಲರಿಲ್ಲದೆಯೂ ವಾದಿಸಬಹುದು. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿದೆ, 15100ಕ್ಕೆ ಕರೆ ಮಾಡಿ.

ಮಾರುವವರಿಗೂ

ಸಾಂಗ್ಲಿ ಸೀಮೆಯ ಅರಿಶಿನ, ಒಣದ್ರಾಕ್ಷಿಯನ್ನು ವಾಟ್ಸ್ಆ್ಯಪ್‌ನಲ್ಲಿ ಮಾರುವ ಮನೆಗಳಿಗೂ ಇದು ಅನ್ವಯ. ದೀಪಾವಳಿ ಆಫರಿಗೆಂದು ಹಳೆಯ ಗಿರಾಕಿಗಳನ್ನೆಲ್ಲ ಒಂದೇ ಗ್ರೂಪಿಗೆ ತುಂಬಿದರೆ ಒಬ್ಬರ ನಂಬರು ಎಲ್ಲರಿಗೂ ಕಾಣುತ್ತದೆ. ಮೊದಲು ಕೇಳಿ, ಹೂಂ ಎಂದವರಿಗೆ ಮಾತ್ರ ಬೇರೆಬೇರೆಯಾಗಿ ಕಳಿಸಿ. ಸೀರೆ ಮಾರಿದವನ ಮೇಲೆ ನೀವು ಕೊಡುವ ದೂರನ್ನೇ ನಿಮ್ಮ ಗಿರಾಕಿ ನಿಮ್ಮ ಮೇಲೆ ಕೊಡಬಹುದು.